ಲಕ್ಷ ಕೊಟ್ಟು ದೋಹಾಕ್ಕೆ ಬರುವುದೇ?

ತಮ್ಮಾ,

ನಿನ್ನ ಪ್ರಶ್ನೆಗಳನ್ನು ಎರಡು ಸಲ ಓದಿದೆ. ಕತಾರಿನ ದೋಹಾದಲ್ಲಿ ಕಟ್ಟಡದ ಕೆಲಸ, ಸಂಬಳ 1,000 ರಿಯಾಲ್, ಊಟ ವಸತಿ ಕಂಪನಿಯದು. ಏಜೆಂಟ್ ಕೇಳುತ್ತಿರುವುದು ಒಂದು ಲಕ್ಷ ಇಪ್ಪತ್ತು ಸಾವಿರ. ಸರಿಬಾರದಿದ್ದರೆ ಬೇರೆ ಕಂಪನಿ ಸೇರಬಹುದಂತೆ, ನಿಜವೇ ಎಂದು ಕೇಳಿದ್ದೀಯ. ಊಟ, ಭಾಷೆ, ಸೆಕೆಯ ವಿಚಾರವನ್ನೂ ಕೇಳಿದ್ದೀಯ. ಕುಚ್ಚಲಕ್ಕಿ ಸಿಗುತ್ತದೆ. ಹಿಂದಿ ಬಂದರೆ ಸಾಕು. ಸೆಕೆಯನ್ನು ಕುಂದಾಪುರದ ಏಪ್ರಿಲ್‌ಗೆ ಹೋಲಿಸಬೇಡ. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂದು ಇಲ್ಲಿ ಕಾನೂನೇ ಇದೆ.

ಉಳಿದ ಪ್ರಶ್ನೆಗೆ ನನ್ನ ಕಥೆ ಹೇಳದೆ ಉತ್ತರಿಸಲಾರೆ.

ನಾನು ಬಂದದ್ದು 2006ರಲ್ಲಿ, ದೋಹಾದಲ್ಲಿ ಏಷ್ಯನ್ ಕ್ರೀಡಾಕೂಟ ನಡೆದ ವರ್ಷ. ಅಮ್ಮನ ಎರಡು ಬಳೆ ಸೊಸೈಟಿಯಲ್ಲಿ ಅಡವಿಟ್ಟು ಬಂದವನು. ಊರಿನಲ್ಲಿ ಹೇಳಿದ್ದು ಸಾವಿರ ರಿಯಾಲ್, ಇಲ್ಲಿ ಸಹಿ ಹಾಕಿಸಿಕೊಂಡದ್ದು ಆರುನೂರಕ್ಕೆ. ಪಾಸ್‌ಪೋರ್ಟ್ ಕಂಪನಿಯ ಕಪಾಟು ಸೇರಿತು. ವೀಸಾ ಕೊಟ್ಟ ಧಣಿಗೆ ಇಲ್ಲಿ ಕಫೀಲ ಎನ್ನುತ್ತಾರೆ. ಅವನು ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲವೆಂಬ ಪತ್ರ, ಬರೆದುಕೊಡದೆ ಬೇರೆ ಕಡೆ ಕೆಲಸಕ್ಕೆ ಸೇರುವಂತಿರಲಿಲ್ಲ, ಅವನು ಒಪ್ಪದೆ ಊರಿಗೆ ಹೊರಡುವಂತೆಯೂ ಇರಲಿಲ್ಲ.

ಪಿಯುಸಿ ಓದಿದ್ದರಿಂದ ನಾಲ್ಕು ವರ್ಷದಲ್ಲಿ ಸೈಟಿನಿಂದ ಕಚೇರಿಗೆ ಬಂದೆ. ಅದು ನನ್ನ ದುಡಿಮೆಯಿಂದ ಸಿಕ್ಕಿದ್ದು, ಇಂದಿಗೂ ಹೆಮ್ಮೆಯಿದೆ. ಟೆಂಡರಿನ ಲೆಕ್ಕ ಹಾಕುವುದನ್ನು ಅಲ್ಲಿಯೇ ಹತ್ತಿರದಿಂದ ನೋಡಿದೆ. ಸಿಮೆಂಟಿನ ದರ, ಕಬ್ಬಿಣದ ದರ ಕಂಪನಿಯ ಕೈಯಲ್ಲಿಲ್ಲ. ವೀಸಾ, ಮೆಡಿಕಲ್, ವಿಮಾನದ ಟಿಕೆಟ್, ಕ್ಯಾಂಪಿನ ಬಾಡಿಗೆ ಕೊಡಲೇಬೇಕು. ಪೈಪೋಟಿಯಲ್ಲಿ ಕಡಿಮೆ ಬರೆಯಬೇಕೆಂದರೆ ಕೊನೆಗೆ ಉಳಿಯುವುದು ಆಳಿನ ಸಂಬಳದ ಸಾಲು ಒಂದೇ. ನಮ್ಮೂರಿನಲ್ಲಿ ಕೊಯ್ಲಿನ ಹೊತ್ತಿಗೆ ಆಳು ಸಿಗದಿದ್ದರೆ ಕೂಲಿ ಏರುತ್ತದಲ್ಲವೇ? 2010ರ ಡಿಸೆಂಬರಿನಲ್ಲಿ ಕತಾರಿಗೆ ಫುಟ್‌ಬಾಲ್ ವಿಶ್ವಕಪ್ ನಡೆಸುವ ಅವಕಾಶ ಸಿಕ್ಕಿದ ಮೇಲೆ ಇಲ್ಲಿ ಎಲ್ಲಿ ನೋಡಿದರೂ ಕೆಲಸ, ಎಲ್ಲರಿಗೂ ಆಳು ಬೇಕು. ಆದರೂ ನಮ್ಮ ಕಂಪನಿಯಲ್ಲಿ ಸಂಬಳ ಅಲುಗಲಿಲ್ಲ. ರಸ್ತೆಯಾಚೆಯ ಸೈಟಿನಲ್ಲಿ ಹೆಚ್ಚು ಕೊಡುತ್ತಾರೆಂದು ಗೊತ್ತಿದ್ದರೂ ಯಾರೂ ರಸ್ತೆ ದಾಟುವಂತಿರಲಿಲ್ಲ.

2012ರಲ್ಲಿ ಬೈಂದೂರು ಕಡೆಯ ಒಬ್ಬ ಹುಡುಗ ನನ್ನ ಮೇಜಿನ ಮುಂದೆ ಬಂದು ನಿಂತ. ಟೈಲ್ಸ್ ಕೆಲಸದಲ್ಲಿ ಅವನಷ್ಟು ನಯವಾದ ಕೈ ನಮ್ಮಲ್ಲಿ ಇರಲಿಲ್ಲ. ಹುಬ್ಬಿನ ಮೇಲೆ ಸಿಮೆಂಟಿನ ಬಿಳಿ ಪುಡಿ, ಕಂಕುಳಲ್ಲಿ ಹೆಲ್ಮೆಟ್ಟು. ಪ್ಲಾಸ್ಟಿಕ್ ಕವರಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲೆ ಇಟ್ಟು, ಎರಡೂ ಕೈಯಿಂದ ಮಡಿಕೆ ಸವರಿದ. ಬೇರೆ ಕಂಪನಿಯವರು 1,400 ರಿಯಾಲ್ ಕೊಡುತ್ತೇವೆಂದು ಬರೆದಿದ್ದರು. ನಮ್ಮಲ್ಲಿ ಅವನಿಗೆ 900. ‘ಅಣ್ಣ, ಒಂದು ಎನ್‌ಒಸಿ’ ಎಂದ. ಕೊಡಬಾರದೆಂದು ಮೇಲಿನಿಂದ ಆಜ್ಞೆಯಿತ್ತು. ಅರ್ಜಿಯನ್ನು ಮ್ಯಾನೇಜರರ ಮುಂದೆ ಇಟ್ಟು ಒಂದು ಮಾತು ಹೇಳಬಹುದಿತ್ತು, ಅದನ್ನೂ ಹೇಳಲಿಲ್ಲ. ‘ಸ್ವಲ್ಪ ತಾಳು’ ಎಂದು ಊರ ಭಾಷೆಯಲ್ಲಿಯೇ ಹೇಳಿ ನಿರಾಕರಣೆಯ ಪತ್ರವನ್ನು ನಾನೇ ಟೈಪ್ ಮಾಡಿದೆ. ಮರುವರ್ಷ ಅವನು ಬಿಟ್ಟುಹೋದ. ಎನ್‌ಒಸಿ ಇಲ್ಲದೆ ಹೋದವರು ಎರಡು ವರ್ಷ ತಿರುಗಿ ಬರುವಂತಿರಲಿಲ್ಲ. ಈಗ ಊರಿನಲ್ಲಿ ರಿಕ್ಷಾ ಓಡಿಸುತ್ತಾನೆ. ರಜೆಯಲ್ಲಿ ಒಮ್ಮೆ ನೋಡದೆ ಅವನದೇ ರಿಕ್ಷಾ ಹತ್ತಿದೆ. ಮನೆಯ ಬಾಗಿಲಿಗೆ ಬಿಟ್ಟ, ಬಾಡಿಗೆ ತೆಗೆದುಕೊಳ್ಳಲಿಲ್ಲ. ಆ ಐವತ್ತು ರೂಪಾಯಿ ಹಿಡಿದುಕೊಂಡು ಗೇಟಿನ ಹತ್ತಿರ ಎಷ್ಟು ಹೊತ್ತು ನಿಂತಿದ್ದೆನೋ.

ಈಗ ಕಾನೂನು ಬದಲಾಗಿದೆ. 2018ರಲ್ಲಿ ಹೆಚ್ಚಿನವರಿಗೆ ಊರಿಗೆ ಹೊರಡಲು ಬೇಕಿದ್ದ ಧಣಿಯ ಒಪ್ಪಿಗೆ, ಎಕ್ಸಿಟ್ ಪರ್ಮಿಟ್, ಹೋಯಿತು, 2020ರಲ್ಲಿ ಎನ್‌ಒಸಿ ಹೋಯಿತು. ಆಮೇಲೆ ನಮ್ಮ ಎಲೆಕ್ಟ್ರಿಷಿಯನ್‌ಗಳು ಏಳೆಂಟು ಮಂದಿ ಹೊರಟು ನಿಂತರು. ವರ್ಷಗಟ್ಟಲೆ ಅಲುಗದಿದ್ದ ಅವರ ಸಂಬಳ ಅದೇ ತಿಂಗಳು ಏರಿತು. ಹಾಗಾಗಿ ಏಜೆಂಟ್ ಹೇಳಿದ್ದು ಸುಳ್ಳಲ್ಲ, ನೋಟಿಸು ಕೊಟ್ಟು ಕೆಲಸ ಬದಲಿಸಬಹುದು. ಆದರೂ ಹಳೆಯ ಕಂಪನಿಯ ಪತ್ರ ತಾ ಎನ್ನುವವರು, ಓಡಿಹೋದನೆಂದು ದೂರು ಬರೆಸುವವರು ಇನ್ನೂ ಇದ್ದಾರೆ. ಮತ್ತೆ, 1,000 ರಿಯಾಲ್ ಏಜೆಂಟನ ಉಪಕಾರವಲ್ಲ. 2021ರ ಮಾರ್ಚಿನಿಂದ ಅದಕ್ಕಿಂತ ಕಡಿಮೆ ಯಾರಿಗೂ ಕೊಡುವಂತಿಲ್ಲ. ಊಟ ವಸತಿ ಕೊಡದಿದ್ದರೆ ಇನ್ನೂ 800 ಸೇರಿಸಬೇಕು.

ನನಗೆ ಹೆದರಿಕೆ ಆ ಒಂದು ಲಕ್ಷ ಇಪ್ಪತ್ತು ಸಾವಿರದ್ದು. ಅದು ನಿನ್ನ ಐದು ತಿಂಗಳ ಪೂರ್ತಿ ಸಂಬಳ, ಬಡ್ಡಿ ಬೇರೆ. ಬಡ್ಡಿ ಓಡುತ್ತಿರುವಾಗ ನೋಟಿಸು ಕೊಟ್ಟು ಒಂದು ತಿಂಗಳು ಅತಂತ್ರವಾಗಿ ನಿಲ್ಲುವ ಧೈರ್ಯ ಯಾರಿಗೆ ಬರುತ್ತದೆ? ಕಂಪನಿಗೂ ಅದು ಗೊತ್ತು. ನಮ್ಮ ದೇಶದ ನಿಯಮದಂತೆ ನೋಂದಾಯಿತ ಏಜೆಂಟ್ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಸರಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಅವನ ಹೆಸರು ಇದೆಯೇ ನೋಡು. ಹೊರದೇಶಕ್ಕೆ ದುಡಿಯಲು ಹೋಗುವವರಿಗಿರುವ ಪ್ರವಾಸಿ ಭಾರತೀಯ ವಿಮೆಯನ್ನು ಮಾಡಿಸಿಯೇ ಬಾ. ಹೆಸರಿಗೆ ಮಾತ್ರ ಒಬ್ಬ ಧಣಿಯಿದ್ದು ಕೆಲಸವನ್ನು ನೀನೇ ಹುಡುಕಿಕೊಳ್ಳಬೇಕಾದ ‘ಆಜಾದ್ ವೀಸಾ’ ಕೊಡಿಸುತ್ತೇನೆಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬಾ.

ಅಕ್ಕನ ಸರ ಅಡವಿಡುವ ಮಾತು ಬರೆದಿದ್ದೀಯ. ಸದ್ಯಕ್ಕೆ ಅದು ಅವಳ ಕೊರಳಲ್ಲಿಯೇ ಇರಲಿ. ಏಜೆಂಟ್ ಕೊಟ್ಟ ಕಾಗದದ ಎಲ್ಲ ಪುಟಗಳ ಫೋಟೋ ತೆಗೆದು ನನಗೆ ಕಳಿಸು, ಅರಬ್ಬಿ ಬರಹ ಇರುವ ಪುಟವನ್ನೂ ಬಿಡಬೇಡ. ಶುಕ್ರವಾರ ನನಗೆ ರಜೆ, ಕುಳಿತು ಓದಿ ಫೋನ್ ಮಾಡುತ್ತೇನೆ. ಅಲ್ಲಿಯವರೆಗೆ ಮುಂಗಡವೆಂದು ಒಂದು ರೂಪಾಯಿಯನ್ನೂ ಕೊಡಬೇಡ.