ಹತ್ತುವುದಲ್ಲ, ಇಳಿಯುವುದೇ ಕಷ್ಟ

ಪ್ರಶ್ನೆ: ನನಗೆ ಐವತ್ತೊಂಬತ್ತು. ಕೊಡಚಾದ್ರಿ ಎರಡು ಸಲ ಹತ್ತಿದ್ದೇನೆ. ಮಿಲಾನ್‌ನಲ್ಲಿರುವ ಮಗಳು ‘ಸೆಪ್ಟೆಂಬರಿನಲ್ಲಿ ಬಾ ಅಮ್ಮ, ಆಲ್ಪ್ಸ್‌ನಲ್ಲಿ ಐದಾರು ದಿನ ನಡೆಯೋಣ’ ಅನ್ನುತ್ತಾಳೆ. ಹಗ್ಗ ಹಿಡಿದು ಬಂಡೆ ಹತ್ತುವುದು ನನ್ನಿಂದಾಗದು. ಹಳೆಯ ಊರುಗಳನ್ನು ನೋಡುತ್ತ ನಡೆಯುವಂಥ ದಾರಿ ಇದೆಯೇ? ನಾವು ಸಸ್ಯಾಹಾರಿಗಳು.
– ಓದುಗರೊಬ್ಬರು, ಸಾಗರ

ಉತ್ತರ: ಇದೆ ಕಣ್ರೀ, ಹಗ್ಗವೂ ಬೇಡ. ಇಂಗ್ಲೆಂಡಿನ ಕ್ಯಾಂಟರ್ಬರಿಯಿಂದ ರೋಮಿಗೆ ಹೋಗುವ ಯಾತ್ರಿಕರ ದಾರಿಗೆ ವಿಯಾ ಫ್ರಾಂಚಿಜೆನಾ ಅಂತ ಹೆಸರು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸಿಗೆರಿಕ್ 990ರಲ್ಲಿ ರೋಮಿನಿಂದ ಮರಳುವಾಗ ತಂಗಿದ ಊರುಗಳ ಪಟ್ಟಿ ಉಳಿದುಬಂದಿದೆ, ಈಗಿನ ದಾರಿ ಅದನ್ನೇ ಹಿಡಿದದ್ದು. ನೀವು ಗ್ರೇಟ್ ಸೇಂಟ್ ಬರ್ನಾರ್ಡ್ ಘಾಟಿಯಿಂದ ಇಟಲಿಯ ಆಓಸ್ತಾ ಕಣಿವೆಯುದ್ದಕ್ಕೂ ಪೊಂ ಸಾಂ ಮಾರ್ತಾಂವರೆಗೆ ನಡೆಯಿರಿ. ಸುಮಾರು 90 ಕಿ.ಮೀ. ನನ್ನ ಅರವತ್ತೊಂದರಲ್ಲಿ ತಂಗಿಯ ಜೊತೆ ನಾನು ನಡೆದದ್ದೂ ಇಷ್ಟೇ.

ನಾನು ಮಾಡಿದ ಪೆದ್ದುತನ ಮಾತ್ರ ಮಾಡಬೇಡಿ. ಘಾಟಿಯ ಎತ್ತರ 2,469 ಮೀಟರ್, ಆಓಸ್ತಾ ಪಟ್ಟಣ 600ಕ್ಕೂ ಕೆಳಗೆ. ‘ಇಳಿಯುವುದು ತಾನೆ’ ಅಂತ ಒಂದೇ ದಿನದಲ್ಲಿ ಇಳಿದುಬಿಟ್ಟೆವು. ಮರುದಿನ ಮೆಟ್ಟಿಲಿಳಿಯಲು ಹಿಮ್ಮುಖವಾಗಿ ತಿರುಗಬೇಕಾಯಿತು. ಊರಿಗೆ ಬಂದಮೇಲೆ ಎರಡೂ ಹೆಬ್ಬೆರಳಿನ ಉಗುರು ಕಿತ್ತು ಬಂದವು. ನೀವು ಎತ್ರೂಬ್ಲ್ ಅಥವಾ ಎಶವನೋದಲ್ಲಿ ರಾತ್ರಿ ತಂಗಿ. ಎಶವನೋ ಆದಮೇಲೆ ಹಳೆಯ ನೀರಿನ ಕಾಲುವೆಯ ಅಂಚಿಗೇ ದಾರಿ. ಇಂಥ ಕಾಲುವೆಗೆ ಅಲ್ಲಿ ‘ರೂ’ ಅನ್ನುತ್ತಾರೆ. ಹೆಚ್ಚುಕಮ್ಮಿ ಸಮತಟ್ಟು, ಪಕ್ಕದಲ್ಲಿ ನೀರಿನ ಸದ್ದು. ನಮ್ಮ ಕಡೆ ಅಡಿಕೆ ತೋಟದ ಕಾಲುವೆ ಅಂಚಿನಲ್ಲಿ ನಡೆದ ಹಾಗೆಯೇ ಅನ್ನಿಸಿತು.

ಘಾಟಿಯ ಮೇಲಿನ ಧರ್ಮಛತ್ರ ಹನ್ನೊಂದನೇ ಶತಮಾನದ್ದು, ಇಂದಿಗೂ ಯಾತ್ರಿಕರಿಗೆ ಇಳಿದುಕೊಳ್ಳಲು ಜಾಗ ಕೊಡುತ್ತಾರೆ. ಅದು ಇರುವುದು ಸ್ವಿಟ್ಜರ್ಲೆಂಡಿನಲ್ಲಿ. ಕೆರೆಯ ದಂಡೆ ದಾಟಿದರೆ ಇಟಲಿ. ವೀಸಾ ಎರಡಕ್ಕೂ ಒಂದೇ, ಷೆಂಗೆನ್. ಹೆಚ್ಚು ರಾತ್ರಿ ಇಟಲಿಯಲ್ಲಿ ಕಳೆಯುವುದರಿಂದ ಅರ್ಜಿ ಇಟಲಿಗೇ ಹಾಕಿ. ವಿಮೆ 30,000 ಯೂರೋಗೆ ಕಡಿಮೆ ಇರಬಾರದು.

ಆಓಸ್ತಾದಲ್ಲಿ ಒಂದಿಡೀ ದಿನ ಕಾಲಿಗೆ ರಜೆ ಕೊಡಿ. ರೋಮನ್ನರು ಕ್ರಿ.ಪೂ. 25ರಲ್ಲಿ ಕಟ್ಟಿದ ಪಟ್ಟಣ. ಅಗಸ್ಟಸ್‌ನ ಕಮಾನು, ಕೋಟೆ ಬಾಗಿಲು, ರಂಗಮಂದಿರ ಎಲ್ಲ ನಡಿಗೆಯ ದೂರದಲ್ಲೇ ಇವೆ. ಅಲ್ಲಿಂದ ಶಾತಿಯೋಂವರೆಗಿನದು ಉದ್ದದ ದಿನ. ಸಾಕೆನಿಸಿದರೆ ಕೆಳಗಿನ ರಸ್ತೆಯಲ್ಲಿ ಬಸ್ಸು ಸಿಗುತ್ತದೆ, ಹತ್ತಿಬಿಡಿ, ಪುಣ್ಯವೇನೂ ಕಡಿಮೆಯಾಗದು. ಮುಂದೆ ಸಿಗುವ ಬಾರ್ಡ್ ಕೋಟೆ 1800ರಲ್ಲಿ ನೆಪೋಲಿಯನ್ನನ ಸೈನ್ಯವನ್ನು ಎರಡು ವಾರ ತಡೆದದ್ದು. ಈಗಿನ ಕೋಟೆ ಆಮೇಲೆ ಕಟ್ಟಿದ್ದು, ಅವನು ಹಳೆಯದನ್ನು ಕೆಡವಿಸಿದ್ದ. ಆದರೆ ನನಗೆ ಹಿಡಿಸಿದ್ದು ಅದಲ್ಲ, ಪಕ್ಕದ ದೊನ್ನಾಸ್. ಅಲ್ಲಿ ಬಂಡೆಯನ್ನೇ ಕಡಿದು ಮಾಡಿದ ರೋಮನ್ ರಸ್ತೆ ಇದೆ, ಅದೇ ಬಂಡೆಯಲ್ಲಿ ಬಿಡಿಸಿದ ಕಮಾನೂ ಇದೆ. ಕಲ್ಲಿನಲ್ಲಿ ಗಾಡಿ ಚಕ್ರದ ಗೀರುಗಳು. ತಂಗಿ ಚಪ್ಪಲಿ ಬಿಚ್ಚಿ ಗೀರಿನೊಳಗೆ ಪಾದವಿಟ್ಟು ನೋಡಿದಳು.

ಊಟದ ಚಿಂತೆ ಬೇಡ, ಆದರೆ ಕೇಳಿ ತಿನ್ನಿ. ಪೊಲೆಂತಾ ಅಂದರೆ ಮೆಕ್ಕೆಜೋಳದ ಮುದ್ದೆ, ಹೊಟ್ಟೆ ತುಂಬುತ್ತದೆ. ಸೂಪಿಗೆ ಬಹಳ ಕಡೆ ಮಾಂಸದ ಸಾರು ಹಾಕುತ್ತಾರೆ. ಫೊಂತೀನಾ ಚೀಸಿಗೆ ಹಾಲು ಒಡೆಸಲು ಕರುವಿನ ಜಠರದ ಅಂಶ ಬಳಸುತ್ತಾರೆ. ಇದು ನನಗೆ ಗೊತ್ತಾದದ್ದು ಮೂರನೇ ದಿನ, ಅರ್ಧ ಕಿಲೋ ತಿಂದಾದ ಮೇಲೆ. ನಿಮ್ಮ ಆಚಾರಕ್ಕೆ ತಕ್ಕಂತೆ ನೋಡಿಕೊಳ್ಳಿ. ಚಟ್ನಿಪುಡಿ ಚೀಲದಲ್ಲಿರಲಿ.

ಮತ್ತೆ, ಊರುಗೋಲು ಒಂದು ಸಾಲದು. ಎರಡು ಬೇಕು.