ಓದುಗರ ಪ್ರಶ್ನೆ, ನಮ್ಮ ಉತ್ತರ: ಊರಿನ ಸೇವಾ ಸಂಸ್ಥೆಗೆ ಐವತ್ತು ತುಂಬುವಾಗ

ಪ್ರಶ್ನೆ: ನಮ್ಮ ಹೋಬಳಿ ಕೇಂದ್ರದ ಲಯನ್ಸ್ ಕ್ಲಬ್ಬಿಗೆ ಬರುವ ವರ್ಷ ಐವತ್ತು ತುಂಬುತ್ತದೆ. ಕಣ್ಣಿನ ಶಿಬಿರ, ರಕ್ತದಾನ, ಪಲ್ಸ್ ಪೋಲಿಯೊ, ಬಡ ಮಕ್ಕಳಿಗೆ ನೋಟ್‌ಪುಸ್ತಕ ಎಂದು ಕೆಲಸ ನಡೆಯುತ್ತಲೇ ಬಂದಿದೆ. ಮಾಜಿ ಅಧ್ಯಕ್ಷರಿಗೆ ಸನ್ಮಾನ, ಊರಿನ ಮುಂದೆ ಒಂದು ಕಮಾನು, ಒಂದು ಸ್ಮರಣ ಸಂಚಿಕೆ ಎಂದು ಯೋಚಿಸಿದ್ದೇವೆ. ಇಷ್ಟರಿಂದ ತೃಪ್ತಿಯಿಲ್ಲ. ಏನು ಮಾಡಬಹುದು?
– ಮಧುಗಿರಿ ತಾಲ್ಲೂಕಿನ ಓದುಗರು

ಉತ್ತರ: ಸನ್ಮಾನ ಖಂಡಿತ ನಡೆಯಲಿ. ಆದರೆ ಯಾರಿಗೆ ಎಂಬುದನ್ನು ಪದಾಧಿಕಾರಿಗಳ ಪಟ್ಟಿ ಮಾತ್ರ ತೀರ್ಮಾನಿಸಬಾರದು. ಲಯನ್ಸ್ ಕ್ಲಬ್ಬುಗಳಲ್ಲಿ ಜುಲೈಯಿಂದ ಜೂನ್‌ವರೆಗೆ ಒಂದು ವರ್ಷವೆಂದು ಲೆಕ್ಕ, ಸಾಮಾನ್ಯವಾಗಿ ವರ್ಷಕ್ಕೊಬ್ಬ ಅಧ್ಯಕ್ಷರು. ಹೀಗಾಗಿ ಅಧ್ಯಕ್ಷರ ಹೆಸರುಗಳು ಹೇಗೂ ಗೋಡೆಯ ಫಲಕದಲ್ಲಿ ಉಳಿದಿರುತ್ತವೆ. ಫಲಕದಲ್ಲಿ ಜಾಗ ಸಿಗದವರನ್ನು ಹುಡುಕಿ ವೇದಿಕೆಗೆ ಕರೆಯುವುದೇ ಈ ಸಂದರ್ಭದ ಮೊದಲ ಕರ್ತವ್ಯವೆಂದು ನಾನು ಭಾವಿಸುತ್ತೇನೆ.

ಕಣ್ಣಿನ ಶಿಬಿರವನ್ನೇ ತೆಗೆದುಕೊಳ್ಳಿ. ಲಯನ್ಸ್ ಸಂಸ್ಥೆ 1917ರಲ್ಲಿ ಅಮೆರಿಕದ ಷಿಕಾಗೊದಲ್ಲಿ ಮೆಲ್ವಿನ್ ಜೋನ್ಸ್ ಅವರ ಪ್ರಯತ್ನದಿಂದ ಹುಟ್ಟಿತು. 1925ರಲ್ಲಿ ಹೆಲೆನ್ ಕೆಲರ್ ಅವರು ಸಂಸ್ಥೆಯ ಸಮ್ಮೇಳನದಲ್ಲಿ ಮಾತನಾಡಿ ಅಂಧರ ನೆರವಿಗೆ ನಿಲ್ಲುವಂತೆ ಕೇಳಿಕೊಂಡ ಮೇಲೆ ಕಣ್ಣಿನ ಕೆಲಸ ಅದರ ಗುರುತಾಯಿತು. 1956ರಲ್ಲಿ ಅದು ಭಾರತಕ್ಕೆ ಬಂದಿತು. ಇಷ್ಟನ್ನು ಯಾವ ಸ್ಮರಣ ಸಂಚಿಕೆಯೂ ಬರೆಯುತ್ತದೆ. ನಿಮ್ಮ ಸಂಚಿಕೆ ಬರೆಯಬೇಕಾದದ್ದು ಆ ಕೆಲಸ ನಿಮ್ಮ ಹೋಬಳಿಯಲ್ಲಿ ಹೇಗೆ ನಡೆಯಿತು ಎಂಬುದನ್ನು. ಅಂದಿನ ಶಿಬಿರಗಳು ಬಹುಮಟ್ಟಿಗೆ ಶಾಲೆಯ ಕೊಠಡಿಗಳಲ್ಲೇ ನಡೆಯುತ್ತಿದ್ದವು. ಬೆಂಚುಗಳನ್ನು ಹೊರಗಿಟ್ಟು, ನೆಲ ತೊಳೆದು, ಚಾಪೆ ಹಾಸಿ, ಯಾವ ಕಣ್ಣಿಗೆ ಶಸ್ತ್ರಚಿಕಿತ್ಸೆ ಎಂಬುದು ತಪ್ಪದಿರಲೆಂದು ಆ ಕಣ್ಣಿನ ಮೇಲ್ಭಾಗದ ಹಣೆಗೆ ಬಿಳಿ ಪ್ಲಾಸ್ಟರಿನ ತುಂಡೊಂದನ್ನು ಅಂಟಿಸಿ ಅಜ್ಜ ಅಜ್ಜಿಯರನ್ನು ಸಾಲಾಗಿ ಕೂರಿಸುತ್ತಿದ್ದರು. ಕಣ್ಣಿನೊಳಗೆ ಕೃತಕ ಮಸೂರವನ್ನು ಕೂರಿಸುವುದು ಹಳ್ಳಿಯವರ ಕೈಗೆಟುಕುವ ಮುನ್ನ, ಪೊರೆ ತೆಗೆಸಿಕೊಂಡವರಿಗೆ ಸುಮಾರು 10 ಡಯಾಪ್ಟರ್ ಬಲದ ದಪ್ಪ ಗಾಜಿನ ಕನ್ನಡಕವೇ ಗತಿಯಾಗಿತ್ತು. ಆ ಕನ್ನಡಕ ಒಡೆದರೆ ಮತ್ತೆ ಕತ್ತಲೆ. ಒಡೆದ ಕನ್ನಡಕದ ಬದಲು ಇನ್ನೊಂದನ್ನು ತರಿಸಿಕೊಟ್ಟ ಸದಸ್ಯರು ಎಷ್ಟೋ ಊರುಗಳಲ್ಲಿದ್ದಾರೆ. ಅಂಥವರ ಹೆಸರು ವರದಿಗಳಲ್ಲಿ ಬರುವುದು ಅಪರೂಪ.

ರಾತ್ರಿಯೆಲ್ಲ ಕಾವಲಿದ್ದು, ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡವರನ್ನು ಕೈಹಿಡಿದು ಬಚ್ಚಲಿಗೆ ಕರೆದೊಯ್ದ ಹುಡುಗರು ಈಗ ಅರವತ್ತು ದಾಟಿರುತ್ತಾರೆ. ಮುದ್ದೆ, ಸಾರು ಮಾಡಿ ಬಡಿಸಿದ ಹೆಣ್ಣುಮಕ್ಕಳು, ಬೀಗದ ಕೈ ಹಿಡಿದು ಬಂದು ಕೊಠಡಿ ತೆರೆದುಕೊಟ್ಟ ಶಾಲೆಯ ಜವಾನರು, ಎತ್ತಿನ ಗಾಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ದೂರದ ಹಟ್ಟಿಗಳಿಂದ ಜನರನ್ನು ತಂದವರು, ಹಳ್ಳಿಹಳ್ಳಿಗೆ ಹೋಗಿ ತಮಟೆ ಬಾರಿಸಿ ಶಿಬಿರದ ದಿನವನ್ನು ಸಾರಿದವರು, ಇವರಲ್ಲಿ ಹೆಚ್ಚಿನವರು ಕ್ಲಬ್ಬಿನ ಸದಸ್ಯರೇ ಆಗಿರಲಾರರು. ಇವರಿಲ್ಲದೆ ಒಂದು ಶಿಬಿರವೂ ನಡೆಯುತ್ತಿರಲಿಲ್ಲ. ಮೊದಲ ಸನ್ಮಾನ ಇವರಿಗಾಗಲಿ; ತೀರಿಹೋಗಿದ್ದರೆ ಅವರ ಮನೆಯವರನ್ನು ಕರೆಯಿರಿ.

ಪೋಲಿಯೊ ಕೆಲಸಕ್ಕೂ ಒಂದು ಅಧ್ಯಾಯ ಮೀಸಲಿಡಿ. 1995ರಲ್ಲಿ ದೇಶದಲ್ಲಿ ಪಲ್ಸ್ ಪೋಲಿಯೊ ಆರಂಭವಾದಂದಿನಿಂದ ಭಾನುವಾರಗಳನ್ನು ಬಿಟ್ಟುಕೊಟ್ಟು ಬಸ್ ನಿಲ್ದಾಣದಲ್ಲಿ, ಸಂತೆಯಲ್ಲಿ, ಇಟ್ಟಿಗೆ ಗೂಡುಗಳ ಬಳಿ ಕುಳಿತು ಮಕ್ಕಳ ಎಡಗೈ ಕಿರುಬೆರಳಿಗೆ ಶಾಯಿ ಹಚ್ಚಿದವರ ಶ್ರಮಕ್ಕೆ ಫಲ ಸಿಕ್ಕಿದೆ. ದೇಶದ ಕೊನೆಯ ಪೋಲಿಯೊ ಪ್ರಕರಣ ಕಂಡದ್ದು 2011ರ ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ಭಾರತ ಪೋಲಿಯೊಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ನೀಡಿತು. ಇಷ್ಟು ದೊಡ್ಡ ಗೆಲುವಿನಲ್ಲಿ ತಮ್ಮ ಊರಿಗೂ ಪಾಲಿದೆ ಎಂದು ಇಂದಿನ ಮಕ್ಕಳಿಗೆ ತಿಳಿಯಬೇಡವೇ?

ಸಂಚಿಕೆಯಲ್ಲಿ ಗಣ್ಯರ ಶುಭಾಶಯ ಪತ್ರಗಳಿಗೆ ಎರಡು ಪುಟ ಸಾಕು, ಜಾಹೀರಾತುಗಳು ಕೊನೆಗಿರಲಿ. ವರ್ಷವಾರು ಕೆಲಸದ ವಿವರ, ಹಳ್ಳಿಗಳ ಹೆಸರು, ಖರ್ಚು, ದಾನಿಗಳು, ನಿಂತುಹೋದ ಕೆಲಸಗಳು ಮತ್ತು ಅವು ನಿಂತ ಕಾರಣ ಇವೆಲ್ಲವೂ ಬರಲಿ. ಪ್ರತಿಗಳು ಅತಿಥಿಗಳ ಕೈಚೀಲದಲ್ಲೇ ಮುಗಿದುಹೋಗದೆ ಸುತ್ತಲಿನ ಶಾಲೆಗಳಿಗೂ ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಿಗೂ ತಲುಪಲಿ.

ಪ್ರಶ್ನೆ: ನಮ್ಮ ಸೇವಾ ಸಂಘದ ಹಳೆಯ ನಡವಳಿ ಪುಸ್ತಕಗಳು ನುಸಿ ಹಿಡಿದಿವೆ. ಲ್ಯಾಮಿನೇಷನ್ ಮಾಡಿಸಬಹುದೇ? ಹಿರಿಯ ಸದಸ್ಯರ ಮಾತುಗಳನ್ನು ಬರೆದಿಡಬೇಕೆಂಬ ಆಸೆಯೂ ಇದೆ. ಹಲವರು ಮನೆಯಲ್ಲಿ ತೆಲುಗು ಆಡುವವರು.
– ಬಾಗೇಪಲ್ಲಿ ತಾಲ್ಲೂಕಿನ ಓದುಗರು

ಉತ್ತರ: ಲ್ಯಾಮಿನೇಷನ್ ಬೇಡವೇ ಬೇಡ. ಬಿಸಿಗೂ ಅಂಟಿಗೂ ಸಿಕ್ಕಿದ ಹಳೆಯ ಕಾಗದವನ್ನು ಮತ್ತೆ ಬಿಡಿಸಲಾಗದು. ಸೆಲ್ಲೋಟೇಪೂ ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಅಕ್ಷರವನ್ನು ತಿನ್ನುತ್ತದೆ. ಪುಸ್ತಕಗಳನ್ನು ನೆರಳಿನಲ್ಲಿ ಗಾಳಿಗೆ ಹರಡಿ, ಮೆತ್ತನೆಯ ಕುಂಚದಿಂದ ಧೂಳು ತೆಗೆದು, ಪ್ರತಿ ಪುಟವನ್ನೂ ಮೊಬೈಲಿನಲ್ಲಿ ನೇರವಾಗಿ ಚಿತ್ರ ತೆಗೆದು, ಪ್ರತಿಗಳನ್ನು ಕನಿಷ್ಠ ಎರಡು ಬೇರೆ ಕಡೆ ಇಡಿ. ರಸೀದಿ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ. ಎರಡು ರೂಪಾಯಿ ಕೊಟ್ಟ ಬಡವರ ಹೆಸರು ಉಳಿದಿರುವುದು ಅದರಲ್ಲಿ ಮಾತ್ರ. ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿದ್ದರೆ, ಪ್ರತಿ ವರ್ಷ ಸಲ್ಲಿಸಿದ ಪದಾಧಿಕಾರಿಗಳ ಪಟ್ಟಿ ಮತ್ತು ಲೆಕ್ಕಪತ್ರಗಳ ದೃಢೀಕೃತ ಪ್ರತಿಗಳಿಗಾಗಿ ಜಿಲ್ಲಾ ನೋಂದಣಾಧಿಕಾರಿಗಳ ಕಚೇರಿಯಲ್ಲಿ ಅರ್ಜಿ ಹಾಕಿ ನೋಡಿ. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೆ ಹಿಂದಿನ ಕಡತಗಳಿಗಾಗಿ ಕೋಲಾರದಲ್ಲೂ ವಿಚಾರಿಸಬೇಕಾದೀತು.

ಹಿರಿಯರು ಆಡುವ ತೆಲುಗನ್ನು ತೆಲುಗಿನಲ್ಲೇ ಧ್ವನಿಮುದ್ರಿಸಿಕೊಳ್ಳಿ, ಆಮೇಲೆ ಕನ್ನಡಕ್ಕೆ ತಂದರಾಯಿತು. ನಿಮ್ಮ ಸೀಮೆಯ ನಾಲಿಗೆಗೆ ಎರಡೂ ನುಡಿ ಒಗ್ಗಿವೆ, ಅವರನ್ನು ಒಂದಕ್ಕೆ ಕಟ್ಟಿಹಾಕಿದರೆ ಅರ್ಧ ನೆನಪು ಬಾಯಿಗೆ ಬಾರದು. ಹಳೆಯ ಫೋಟೊ ಒಂದನ್ನು ಕೈಗಿತ್ತು, ಹಿಂದಿನ ಸಾಲಿನಲ್ಲಿ ನಿಂತವರು ಯಾರೆಂದು ಕೇಳಿ ಮಾತು ಆರಂಭಿಸಿ. ಹೆಸರುಗಳನ್ನು ಫೋಟೊದ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಬರೆಯಿರಿ.

ಪ್ರಶ್ನೆ: ಸುವರ್ಣ ಮಹೋತ್ಸವದ ನೆನಪಿಗೆ ಕಮಾನಿನ ಬದಲು ಶಾಶ್ವತವಾದ ಕೆಲಸವೊಂದನ್ನು ಕೈಗೊಳ್ಳಬೇಕೆಂದಿದ್ದೇವೆ. ನಮ್ಮದೂ ಕಣ್ಣಿನ ಶಿಬಿರಗಳಿಂದ ಹೆಸರಾದ ಸಂಸ್ಥೆ.
– ಶ್ರೀನಿವಾಸಪುರ ತಾಲ್ಲೂಕಿನ ಓದುಗರು

ಉತ್ತರ: ಹಾಗಾದರೆ ನೇತ್ರದಾನವನ್ನು ಹಿಡಿಯಿರಿ. ಡಾ. ರಾಜ್‌ಕುಮಾರ್ 2006ರ ಏಪ್ರಿಲ್ 12ರಂದು ನಿಧನರಾದಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದಿತು, ಆ ಬಳಿಕ ನೇತ್ರದಾನಕ್ಕೆ ಹೆಸರು ಕೊಡುವವರ ಸಂಖ್ಯೆ ರಾಜ್ಯದಲ್ಲಿ ಒಮ್ಮೆಲೇ ಏರಿತು. ಹಳ್ಳಿಗಳಲ್ಲೂ ಮನಸ್ಸಿದೆ. ತೊಡಕಿರುವುದು ಹೊತ್ತಿನದು: ಸಾವು ಸಂಭವಿಸಿದ ಆರು ಗಂಟೆಗಳೊಳಗೆ ಕಣ್ಣು ತೆಗೆಯಬೇಕು, ಆದರೆ ನೇತ್ರ ಭಂಡಾರಗಳು ಹೆಚ್ಚಾಗಿರುವುದು ದೊಡ್ಡ ಪಟ್ಟಣಗಳಲ್ಲಿ. ಪ್ರತಿಜ್ಞಾ ಪತ್ರಕ್ಕೆ ಸಹಿ ಹಾಕಿಸಿದ ಮಾತ್ರಕ್ಕೆ ಈ ದೂರ ಕಡಿಮೆಯಾಗದು.

ಹತ್ತಿರದ ನೇತ್ರ ಭಂಡಾರದೊಡನೆ ಲಿಖಿತ ಒಪ್ಪಂದ ಮಾಡಿಕೊಂಡು, ಪ್ರತಿ ಹಳ್ಳಿಯಲ್ಲೂ ಸಾವಿನ ಮನೆಗೆ ಹೋಗಿ ಮೆಲ್ಲಗೆ ಮಾತನಾಡಬಲ್ಲ ಇಬ್ಬರನ್ನು ಸಿದ್ಧಪಡಿಸಿ. ಮೃತರು ಮೊದಲೇ ಹೆಸರು ಬರೆಸಿರದಿದ್ದರೂ ಮನೆಯವರ ಒಪ್ಪಿಗೆ ಇದ್ದರೆ ಸಾಕು. ಕನ್ನಡಕ ಹಾಕುತ್ತಿದ್ದವರು, ಪೊರೆ ತೆಗೆಸಿಕೊಂಡವರು, ಸಕ್ಕರೆ ಕಾಯಿಲೆಯವರು ಕೂಡ ಕೊಡಬಹುದು. ಎಚ್‌ಐವಿ, ರೇಬೀಸ್, ಹೆಪಟೈಟಿಸ್‌ನಂಥ ಸೋಂಕಿದ್ದವರಿಂದ ಪಡೆಯುವುದಿಲ್ಲ. ತಂಡ ಬರುವವರೆಗೆ ರೆಪ್ಪೆ ಮುಚ್ಚಿ, ಒದ್ದೆ ಹತ್ತಿಯನ್ನಿಟ್ಟು, ಫ್ಯಾನ್ ನಿಲ್ಲಿಸಿ, ತಲೆಯ ಕೆಳಗೆ ದಿಂಬಿಡಬೇಕು. ಕೆಲಸ ಮನೆಯಲ್ಲೇ ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಮುಖ ವಿಕಾರವಾಗುವುದಿಲ್ಲ. ಈ ಮಾತನ್ನು ಬಂಧುಗಳಿಗೆ ಮೊದಲೇ ಹೇಳಿ.

ಕಮಾನಿಗೆಂದು ಕೂಡಿಸಿದ ಹಣವನ್ನು ಠೇವಣಿಯಿಟ್ಟು, ಅದರ ಬಡ್ಡಿಯನ್ನು ತಂಡದ ವಾಹನದ ಖರ್ಚಿಗೆಂದೇ ಮೀಸಲಿಡಿ. ಆ ಠರಾವನ್ನು ಸುವರ್ಣ ಮಹೋತ್ಸವದ ಸಭೆಯಲ್ಲೇ, ಊರಿನವರ ಎದುರು ಓದಿ, ನಡವಳಿ ಪುಸ್ತಕದಲ್ಲಿ ದಾಖಲಿಸಿ.