ಅಕಾರ-ಹಕಾರ ತಪ್ಪಿದರೆ ಸಂಸ್ಕಾರ ಇಲ್ಲ ಅಂತಲೇ?

ಅಕಾರ-ಹಕಾರ ಅದಲುಬದಲಾಗುತ್ತೆ, ತಿದ್ದಿಕೊಳ್ಳೋಕೆ ದಿನಾ ಪೇಪರ್ ಗಟ್ಟಿಯಾಗಿ ಓದ್ತಿದ್ದೀನಿ, ಸದ್ಯದಲ್ಲೇ ಶಾಲೆಯೊಂದರಲ್ಲಿ ಡೆಮೊ ಪಾಠ ಮಾಡಬೇಕು, 'ಮನೇಲಿ ಸಂಸ್ಕಾರ ಕಲಿಸಿಲ್ಲ' ಅಂದುಕೊಳ್ತಾರೇನೋ ಅಂತ ಕೇಳಿದ್ದೀರಿ. ನಾನು ಮಂಡ್ಯದ ಕಡೆಯವನು. ಇಷ್ಟು ಹೇಳಿದರೆ ಅರ್ಧ ಕಥೆ ನಿಮಗೇ ಗೊತ್ತಾಗಿರುತ್ತೆ.

ನಮ್ಮೂರಲ್ಲಿ ಹಾಲು 'ಆಲು', ಹೋಗ್ತೀನಿ ಅನ್ನೋದು 'ಓಯ್ತೀನಿ'. ಹೈಸ್ಕೂಲು ಮುಗಿಯೋವರೆಗೂ ಇದು ತಪ್ಪು ಅಂತ ಯಾರೂ ಅಂದಿರಲಿಲ್ಲ. ಮೇಷ್ಟ್ರೂ ಹಾಗೇ ಮಾತಾಡ್ತಿದ್ರು. ಮೈಸೂರಿನ ಹಾಸ್ಟೆಲ್ ಸೇರಿದ ಮೇಲೆ ನಾನು ಬಾಯಿ ಬಿಟ್ಟಾಗಲೆಲ್ಲ ಪಕ್ಕದ ಮಂಚದವರಿಗೆ ಹಬ್ಬ. ಅಷ್ಟರಲ್ಲೇ ನನಗೆ ರೇಡಿಯೋ ಉದ್ಘೋಷಕನಾಗುವ ಹುಚ್ಚು ಬೇರೆ ಹಿಡಿಯಿತು.

ಇಲ್ಲಿ ನಾನು ಮಾಡಿದ ಯಡವಟ್ಟನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕೆಂದರೆ ನೀವೂ ಈಗ ಅದನ್ನೇ ಮಾಡ್ತಿರೋ ಹಾಗಿದೆ. ದಿನಾ ಬೆಳಿಗ್ಗೆ ಪೇಪರ್ ಹಿಡಿದು ಗಟ್ಟಿಯಾಗಿ ಓದುತ್ತಿದ್ದೆ. ನಾಲಿಗೆ ಪಳಗಿದರೆ ಎಲ್ಲ ಸರಿಹೋಗುತ್ತೆ ಅನ್ನೋ ನಂಬಿಕೆ. ಆದರೆ ನಾಲಿಗೆಗೆ ಏನೂ ಆಗಿರಲಿಲ್ಲ! ಹ ಅನ್ನೋಕೆ ಬರದವನು ಯಾರಿದ್ದಾನೆ? ನಗುವಾಗ ಎಲ್ಲರೂ 'ಹಹ್ಹಹ್ಹ' ಅಂತಲೇ ನಗೋದು. ತೊಂದರೆ ಇದ್ದದ್ದು ನೆನಪಿನಲ್ಲಿ. ಮಗು ಪದಗಳನ್ನು ಕಿವಿಯಿಂದ ಕಲಿಯುತ್ತೆ, ನನ್ನ ಕಿವಿಗೆ ಬಿದ್ದದ್ದು ಹಕಾರವಿಲ್ಲದ ಕನ್ನಡ. ಯಾವ ಪದಕ್ಕೆ ಹ ಇದೆ, ಯಾವುದಕ್ಕಿಲ್ಲ ಅನ್ನೋ ಪಟ್ಟಿಯೇ ತಲೆಯಲ್ಲಿರಲಿಲ್ಲ. ಪೇಪರ್ ಓದುವಾಗ ಅಕ್ಷರ ಕಣ್ಣೆದುರೇ ಇರುತ್ತೆ, ಹಾಗಾಗಿ ಒಂದೂ ತಪ್ಪು ಬರಲ್ಲ. ಅದನ್ನು ನಾನು ಗೆಲುವು ಅಂದುಕೊಂಡೆ. ಕಾಗದ ಇಲ್ಲದೆ ಮಾತಾಡುವಾಗ ಅನುಮಾನ ಬಂದ ಕಡೆಯೆಲ್ಲ ಒಂದು ಹ ಸೇರಿಸಿಬಿಡೋದು ಅಭ್ಯಾಸವಾಯಿತು. ಇದ್ದರೆ ಒಳ್ಳೇದೇ ಅಲ್ವಾ ಅಂತ.

ಧ್ವನಿ ಪರೀಕ್ಷೆಗೆ ಕರೆ ಬಂತು. ಕೊಟ್ಟ ಸುದ್ದಿಯನ್ನು ನೀರು ಕುಡಿದ ಹಾಗೆ ಓದಿದೆ. ಆಮೇಲೆ ಕಾಗದ ಇಸ್ಕೊಂಡು, 'ನಿಮ್ಮೂರಿನ ಬಗ್ಗೆ ಎರಡು ಮಾತು ಹೇಳಿ' ಅಂದರು. ನಮ್ಮೂರು ಅಂದರೆ ಕಬ್ಬು, ಬೆಲ್ಲ. ಶುರು ಮಾಡಿದೆ: 'ನಮ್ಮೂರಿನ ಹಾಲೆಮನೆಯಲ್ಲಿ ಕಬ್ಬಿನ ಆಲು ಕಾಯಿಸಿ ಹಚ್ಚು ಬೆಲ್ಲ ಮಾಡ್ತಾರೆ.'

ಗಮನಿಸಿ, ಆಲೆಮನೆ, ಅಚ್ಚು ಬೆಲ್ಲ ಎರಡೂ ನಾನು ಹುಟ್ಟಿದಾಗಿನಿಂದ ಸರಿಯಾಗೇ ಹೇಳ್ತಿದ್ದ ಪದಗಳು. ಅವನ್ನು ಕೆಡಿಸಿದ್ದು ನನ್ನ ಊರಲ್ಲ, ನನ್ನ ತಿದ್ದುಪಡಿ. ಎದುರಿಗಿದ್ದವರು 'ಹಾಲಿನ ಡೇರಿನಾ?' ಅಂತ ಕೇಳಿದರು. ಇನ್ನೊಬ್ಬರು ತಲೆ ತಗ್ಗಿಸಿ ನಗು ನುಂಗಿಕೊಂಡರು. ಕೆಲಸ ಸಿಗಲಿಲ್ಲ. ಹ ಬಿಟ್ಟಿದ್ದಕ್ಕೇ ಆಗಿದ್ದರೆ ಬಹುಶಃ 'ಹಳ್ಳಿ ಹುಡುಗ, ಕಲೀತಾನೆ' ಅಂತ ತಗೊಳ್ತಿದ್ದರೇನೋ.

ಈಗ ಸಂಸ್ಕಾರದ ವಿಷಯ. ಈ ಮಾತನ್ನೇ ನಾನು ಒಪ್ಪಲ್ಲ. ಉಚ್ಚಾರಣೆ ಹೇಳೋದು ನೀವು ಯಾರ ನಡುವೆ ಬೆಳೆದಿರಿ ಅನ್ನೋದನ್ನ, ಹೇಗೆ ಬೆಳೆದಿರಿ ಅನ್ನೋದನ್ನಲ್ಲ. ಅಪ್ಪ-ಅಮ್ಮನಿಗಿಂತ ಜೊತೆಗೆ ಆಡಿದ ಮಕ್ಕಳದ್ದೇ ಹೆಚ್ಚು ಅಂಟೋದು. ಧಾರವಾಡದಿಂದ ವರ್ಗವಾಗಿ ನಮ್ಮೂರಿಗೆ ಬಂದ ಬ್ಯಾಂಕ್ ಮ್ಯಾನೇಜರ್ ಮಗ, ಮನೇಲಿ 'ಏನ್ರೀ, ಬರ್ರೀ' ಕೇಳಿಕೊಂಡೇ, ಬೀದೀಲಿ ನಮಗಿಂತ ಜೋರಾಗಿ 'ಏನ್ಲಾ' ಅಂತಿದ್ದ. ಇನ್ನೊಂದು, ಸಂಸ್ಕಾರ ಅನ್ನೋದು ಎಷ್ಟೋ ಸಲ ಜಾತಿಗೆ ಹಾಕಿದ ಶಾಲು. ವಿಲಿಯಂ ಬ್ರೈಟ್ ಅನ್ನೋ ಅಮೆರಿಕದ ಭಾಷಾವಿಜ್ಞಾನಿ 1960ರ ಸುಮಾರಿಗೇ ಬ್ರಾಹ್ಮಣರ ಮತ್ತು ಬ್ರಾಹ್ಮಣೇತರರ ಆಡುಗನ್ನಡ ಹೋಲಿಸಿ ಬರೆದಿದ್ದಾರೆ. ಫಲ, ಫಲಿತಾಂಶದ 'ಫ'ವನ್ನು ಇಂಗ್ಲಿಷಿನ ಫ್ಯಾನ್, ಫೋನ್ ಥರ ತುಟಿ ಕಚ್ಚಿ ಹೇಳುವ ಓದಿದವರು ಎಷ್ಟು ಜನ ಇಲ್ಲ? ಅವರ ಮನೆತನದ ಬಗ್ಗೆ ಯಾರೂ ಮಾತಾಡಲ್ಲ.

ಹಕಾರವಾದರೂ ಎಲ್ಲಿಂದ ಬಂತು? ಹತ್ತನೇ ಶತಮಾನದ ಪಂಪನ ಕನ್ನಡದಲ್ಲಿ ಹಾಲು 'ಪಾಲ್', ಹುಲಿ 'ಪುಲಿ'. ಆಮೇಲೆ ಪ ಹೋಗಿ ಹ ಬಂತು. ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರೆ 'ಆಲು'. ಮೊದಲ ಹೆಜ್ಜೆ ವ್ಯಾಕರಣವಾಯಿತು, ಎರಡನೆಯದು ನಗೆಪಾಟಲಾಯಿತು.

ಇದರಿಂದ ಒಂದು ಉಪಾಯವೂ ಸಿಗುತ್ತೆ. ನನಗೆ ಹೇಳಿಕೊಟ್ಟದ್ದು ತಮಿಳು ಮನೆಮಾತಿನ ಹಾಸ್ಟೆಲ್ ಗೆಳೆಯ. ಪದದ ತಮಿಳು ಅಥವಾ ತೆಲುಗು ರೂಪ ಪಕಾರದಿಂದ ಶುರುವಾದರೆ ಕನ್ನಡದಲ್ಲಿ ಸಾಮಾನ್ಯವಾಗಿ ಹ: ಪಾಲು-ಹಾಲು, ಪುಲಿ-ಹುಲಿ, ತಮಿಳಿನ ಪತ್ತು-ನಮ್ಮ ಹತ್ತು. ಸ್ವರದಿಂದ ಶುರುವಾದರೆ ಇಲ್ಲೂ ಸ್ವರವೇ: ಅರಿಸಿ-ಅಕ್ಕಿ. ಆಲೆಮನೆಯ ಆಲೆಗೆ ತಮಿಳಿನಲ್ಲಿ 'ಆಲೈ'. ಇದು ಮೊದಲೇ ಗೊತ್ತಿದ್ದಿದ್ದರೆ! ಹೃದಯ, ಹಿತ, ಅನುಭವ, ಆದರದಂಥ ಸಂಸ್ಕೃತ ಪದಗಳಿಗೆ ಇದು ನಡೆಯಲ್ಲ, ಅವನ್ನು ಒಂದೊಂದಾಗಿ ನೆನಪಿಡಬೇಕು.

ಪೇಪರ್ ಓದೋದನ್ನು ಬಿಡಿ. ಮಾಡಬೇಕಾದ ಪಾಠವನ್ನು ಪುಸ್ತಕ ಮುಚ್ಚಿ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಆ ಪಾಠದಲ್ಲಿ ಬರುವ ಪದಗಳಷ್ಟನ್ನೇ ಗಟ್ಟಿ ಮಾಡಿಕೊಂಡರೆ ಡೆಮೊಗೆ ಸಾಕು. ಅನುಮಾನ ಬಂದಾಗ ಹ ಸೇರಿಸಬೇಡಿ, ಬಿಟ್ಟುಬಿಡಿ. ಟೀಚರ್ ಆದಮೇಲೆ ಮಾತ್ರ ಉಕ್ತಲೇಖನ ಕೊಡುವಾಗ ಹಕಾರ ಒತ್ತಿ ಹೇಳಲೇಬೇಕು, ನೀವು 'ಅಳ್ಳಿ' ಅಂದರೆ ಮಕ್ಕಳು ಹಾಗೇ ಬರೀತಾರೆ, ಅಂಕ ಹೋಗೋದು ಅವರದ್ದು. ಮನೆಗೆ ಬಂದಮೇಲೆ ನಿಮ್ಮಿಷ್ಟ. ನಾನಂತೂ ಊರಿಗೆ ಫೋನ್ ಮಾಡಿದರೆ ಈಗಲೂ 'ಓಯ್ತೀನಿ ಕಣವ್ವ' ಅಂತಲೇ ಅನ್ನೋದು.